ಸಿಸ್ಟಮ್ 'ತಗೊಳ್ತಿಲ್ಲ' ಅಂದಾಗ ಒಳಗೆ ಆಗೋದೇನು?

ಸಿಂಧನೂರಿರಲಿ, ಗಂಗಾವತಿಯಿರಲಿ, ಕೌಂಟರ್ ಮುಂದೆ ನಿಂತು ಬಂದವರಿಗೆಲ್ಲ ಈ ಮಾತು ಗೊತ್ತು: "ಸಿಸ್ಟಮ್ ತಗೊಳ್ತಿಲ್ರೀ." ಅಲ್ಲಿಗೆ ಮಾತು ಮುಗೀತು. ಪಹಣಿ ಮಡಚಿ ಜೇಬಿಗಿಟ್ಟುಕೊಂಡು ಜನ ವಾಪಸ್ ಹೊರಡುತ್ತಾರೆ. ಇದನ್ನೇ ಒಬ್ಬ ಮನುಷ್ಯ ಹೇಳಿದ್ದರೆ ಯಾಕೆ ಅಂತ ಕೇಳುತ್ತಿದ್ದರು, ಮೇಲಿನವರ ಹತ್ತಿರ ಹೋಗುತ್ತಿದ್ದರು. ಕಂಪ್ಯೂಟರ್ ಹೇಳಿತು ಅಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಕಂಪ್ಯೂಟರ್ ಒಪ್ಪುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ. ಎಷ್ಟೇ ದೊಡ್ಡ ಸಾಫ್ಟ್‌ವೇರ್ ಇರಲಿ, ಅದರ ಇಂಥ 'ನಿರ್ಧಾರ'ವನ್ನು ಬಿಚ್ಚಿ ನೋಡಿದರೆ ಸಿಗುವುದು ಒಂದು ಕಳೆಯುವ ಲೆಕ್ಕ, ಒಂದು ಜಿಗಿತ. ಎಷ್ಟು ಬಂದರೆ ಎಲ್ಲಿಗೆ ಜಿಗಿಯಬೇಕು ಅಂತ ಮೊದಲೇ ಬರೆದಿಟ್ಟವರು ಮನುಷ್ಯರೇ.

ನಮ್ಮ ಕಡೆಯ ಭತ್ತವನ್ನೇ ತಗೊಳ್ಳೋಣ. ಬೆಂಬಲ ಬೆಲೆಗೆ ಕೊಳ್ಳುವ ಭತ್ತದಲ್ಲಿ ತೇವಾಂಶ 17 ಪರ್ಸೆಂಟ್ ಮೀರಬಾರದು ಅಂತ ನಿಯಮ ಇದೆ. ಇದಕ್ಕೊಂದು ಪ್ರೋಗ್ರಾಂ ಬರೆದರೆ ಹೀಗಿರುತ್ತದೆ: ಇಫ್ (ಅಂದರೆ 'ಹೀಗಿದ್ದರೆ') ತೇವಾಂಶ 17ಕ್ಕಿಂತ ಜಾಸ್ತಿ, 'ವಾಪಸ್' ಅಂತ ತೋರಿಸು, ಎಲ್ಸ್ (ಅಂದರೆ 'ಇಲ್ಲದಿದ್ದರೆ'), 'ಪಾಸ್' ಅಂತ ತೋರಿಸು. ಸಿ, ಜಾವಾ, ಪೈಥಾನ್ ಹೀಗೆ ಪ್ರೋಗ್ರಾಂ ಬರೆಯುವ ಯಾವ ಭಾಷೆಯಲ್ಲಿ ಬರೆದರೂ ಚಿಹ್ನೆ, ಕಂಸ ಸ್ವಲ್ಪ ಆಚೀಚೆ ಆಗುತ್ತವೆ, ಅಷ್ಟೇ.

ಈಗ ಪ್ರೊಸೆಸರ್, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಚಿಪ್, ಅದರ ಒಳಗೆ ಹೋಗೋಣ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ನನಗೆ ತುಂಬಾ ಇಷ್ಟವಾದ ಜಾಗ ಇದು. 'ಜಾಸ್ತಿ', 'ಕಡಿಮೆ' ಅಂದರೆ ಏನು ಅಂತ ಪ್ರೊಸೆಸರ್‌ಗೆ ಗೊತ್ತಿಲ್ಲ. ಅದು 17ರಿಂದ ತೇವಾಂಶವನ್ನು ಕಳೆಯುತ್ತದೆ. ತೇವಾಂಶ 15 ಇದ್ದರೆ 2 ಉಳಿಯುತ್ತದೆ. ಎಂಟು ಬಿಟ್‌ಗಳಲ್ಲಿ (ಒಂದು ಬಿಟ್ ಅಂದರೆ 0 ಅಥವಾ 1) ಬರೆದರೆ 00000010. ತೇವಾಂಶ 18 ಇದ್ದರೆ ಉತ್ತರ ಮೈನಸ್ 1. ಕಂಪ್ಯೂಟರ್ ಅದನ್ನು ಬರೆಯುವ ರೀತಿ 11111111. ಎಡತುದಿಯ ಬಿಟ್ ನೋಡಿ. ಮೊದಲನೆಯದರಲ್ಲಿ 0, ಎರಡನೆಯದರಲ್ಲಿ 1. ಉತ್ತರ ಮೈನಸ್ ಆದರೆ ಆ ಬಿಟ್ 1 ಆಗಿರುತ್ತದೆ. ಅದನ್ನು ಪ್ರೊಸೆಸರ್ 'ಸೈನ್ ಫ್ಲ್ಯಾಗ್' ಅನ್ನುವ ಒಂದು ಗುರುತಿನ ಬಿಟ್‌ಗೆ ನಕಲು ಮಾಡುತ್ತದೆ. ಉತ್ತರ ಪೂರ್ತಿ ಸೊನ್ನೆಯಾದರೆ 'ಜೀರೋ ಫ್ಲ್ಯಾಗ್' 1 ಆಗುತ್ತದೆ. ಕಳೆದ ಉತ್ತರ ಆಮೇಲೆ ಬೇಕಾಗಿಲ್ಲ, ಅದನ್ನು ಪ್ರೊಸೆಸರ್ ಎಸೆದುಬಿಡುತ್ತದೆ. ಫ್ಲ್ಯಾಗ್ ಉಳಿದರೆ ಸಾಕು.

ಇನ್ನು ಜಿಗಿತ. ಮುಂದೆ ಯಾವ ಆದೇಶ ಓದಬೇಕು ಅನ್ನುವ ವಿಳಾಸ 'ಪ್ರೋಗ್ರಾಂ ಕೌಂಟರ್' ಅನ್ನುವ ಜಾಗದಲ್ಲಿ ಒಂದು ಸಂಖ್ಯೆಯಾಗಿ ಇರುತ್ತದೆ. ಒಂದು ಆದೇಶ ಓದಿದ ಹಾಗೆ ಆ ಸಂಖ್ಯೆ ತಾನಾಗೇ ಮುಂದಿನದಕ್ಕೆ ಸರಿಯುತ್ತದೆ. ಸೈನ್ ಫ್ಲ್ಯಾಗ್ 1 ಇದ್ದರೆ ಮಾತ್ರ ಆ ಸಂಖ್ಯೆಯನ್ನು ಅಳಿಸಿ, 'ವಾಪಸ್' ಅಂತ ತೋರಿಸುವ ಆದೇಶದ ವಿಳಾಸ ಅಲ್ಲಿ ಕೂರುತ್ತದೆ. ಬಳ್ಳಾರಿ ಜಂಕ್ಷನ್ ಬಿಟ್ಟ ರೈಲು ಹೊಸಪೇಟೆ ಕಡೆ ಹೋಗುತ್ತೋ, ರಾಯದುರ್ಗದ ಕಡೆ ಹೋಗುತ್ತೋ ಅನ್ನುವುದು ಹಳಿಯ ಪಾಯಿಂಟ್ ಯಾವ ಕಡೆ ಕೂತಿದೆ ಅನ್ನುವುದರ ಮೇಲೆ. ಇಂಜಿನ್‌ಗೆ ಯಾವ ಊರೂ ಗೊತ್ತಿಲ್ಲ. ಇಲ್ಲೂ ಹಾಗೇ. ಭತ್ತ, ರೈತ, ಬೆಲೆ ಯಾವುದೂ ಪ್ರೊಸೆಸರ್‌ಗೆ ಗೊತ್ತಿಲ್ಲ.

ಇಷ್ಟು ಸುಲಭದ್ದು ಅನ್ನಿಸುತ್ತೆ ಅಲ್ವಾ? ಆದರೆ ಯಂತ್ರಗಳಿಗೆ ಇದು ಸುಲಭವಾಗಿ ಬರಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲೇ ತಾನು ಯೋಜಿಸಿದ ಅನಲಿಟಿಕಲ್ ಇಂಜಿನ್ ಅನ್ನುವ ಲೆಕ್ಕದ ಯಂತ್ರಕ್ಕೆ ಇಂಥ ವ್ಯವಸ್ಥೆ ಯೋಚಿಸಿದ್ದ. ಲೆಕ್ಕದ ಉತ್ತರದ ಚಿಹ್ನೆ ಬದಲಾದರೆ ಒಂದು ಲಿವರ್ ಮೇಲೇಳಬೇಕು, ಅದರ ಪ್ರಕಾರ ಆದೇಶ ಇರುವ ರಂಧ್ರದ ಕಾರ್ಡುಗಳು ಹಿಂದಕ್ಕೋ ಮುಂದಕ್ಕೋ ಸರಿಯಬೇಕು. ಆ ಯಂತ್ರ ಪೂರ್ತಿ ತಯಾರಾಗಲೇ ಇಲ್ಲ. ನೂರು ವರ್ಷದ ಮೇಲೆ, 1941ರಲ್ಲಿ, ಬರ್ಲಿನ್‌ನಲ್ಲಿ ಕೊನ್ರಾಡ್ ಝೂಸೆ ಝಡ್3 ಅನ್ನುವ ಕಂಪ್ಯೂಟರ್ ಕಟ್ಟಿದ. ಸಿನಿಮಾ ಫಿಲ್ಮ್ ರೀಲಿಗೆ ತೂತು ಕೊರೆದು ಅದಕ್ಕೆ ಆದೇಶ ಕೊಡುತ್ತಿದ್ದ. ಕೂಡುವುದು, ಕಳೆಯುವುದು, ಗುಣಿಸುವುದು, ವರ್ಗಮೂಲ ತೆಗೆಯುವುದು ಎಲ್ಲಾ ಬರುತ್ತಿತ್ತು. ಷರತ್ತು ನೋಡಿ ಜಿಗಿಯುವುದೊಂದು ಬರುತ್ತಿರಲಿಲ್ಲ. 1944ರ ಹಾರ್ವರ್ಡ್ ಮಾರ್ಕ್ 1 ಕೂಡ ಶುರುವಿನಲ್ಲಿ ಹೀಗೇ ಇತ್ತು. ಟೇಪಿನಲ್ಲಿ ಏನಿದೆಯೋ ಅದನ್ನೇ ಸಾಲಾಗಿ ಓದುತ್ತಾ ಹೋಗುವುದು, ಅಷ್ಟೇ.

1957ರಲ್ಲಿ ಬಂದ ಫೋರ್‌ಟ್ರಾನ್ ಭಾಷೆಯ ಇಫ್ ನೋಡಿದರೆ ನನ್ನ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅದರಲ್ಲಿ 'ಜಾಸ್ತಿಯಾ, ಕಡಿಮೆಯಾ' ಅಂತ ಕೇಳುವ ಹಾಗೇ ಇರಲಿಲ್ಲ. ಎರಡು ಸಂಖ್ಯೆಗಳನ್ನು ಕಳೆಯುವ ಲೆಕ್ಕವನ್ನು ಪ್ರೋಗ್ರಾಂ ಬರೆಯುವವರೇ ಬರೆದು, ಪ್ರೋಗ್ರಾಂನ ಮೂರು ಸಾಲುಗಳ ನಂಬರ್ ಕೊಡಬೇಕಿತ್ತು. ಉತ್ತರ ಮೈನಸ್ ಆದರೆ ಮೊದಲನೆಯ ಸಾಲಿಗೆ ಹೋಗು, ಸೊನ್ನೆಯಾದರೆ ಎರಡನೆಯದಕ್ಕೆ, ಪ್ಲಸ್ ಆದರೆ ಮೂರನೆಯದಕ್ಕೆ. ಯಂತ್ರದ ಒಳಗಿನ ಕಳೆಯುವ ಲೆಕ್ಕ ಭಾಷೆಯಲ್ಲೇ ಎದ್ದು ಕಾಣುತ್ತಿತ್ತು. ಈಗಿನ ಭಾಷೆಗಳು ಅದನ್ನು ಮುಚ್ಚಿಟ್ಟಿವೆ. ಬರೆಯುವವರಿಗೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ನೋಡುವವರಿಗೆ ಕಂಪ್ಯೂಟರ್ ಯೋಚನೆ ಮಾಡುತ್ತಿದೆ ಅನ್ನುವ ಭ್ರಮೆಯೂ ಇಲ್ಲಿಂದಲೇ ಶುರುವಾಯಿತು ಅಂತ ನನಗನ್ನಿಸುತ್ತದೆ.

ಆ ನಡುವಿನ ಸೊನ್ನೆಯೇ ಜಾಸ್ತಿ ತಲೆನೋವು ಕೊಡುವುದು. ತೇವಾಂಶ ಸರಿಯಾಗಿ 17 ಇದ್ದರೆ? ನಿಯಮದ ಪ್ರಕಾರ ಆ ಭತ್ತ ಪಾಸ್ ಆಗಬೇಕು. ಪ್ರೋಗ್ರಾಂ ಬರೆದವರು '17ಕ್ಕಿಂತ ಜಾಸ್ತಿ ಇದ್ದರೆ ವಾಪಸ್' ಅನ್ನುವ ಬದಲು '17 ಅಥವಾ ಜಾಸ್ತಿ ಇದ್ದರೆ ವಾಪಸ್' ಅಂತ ಬರೆದರೋ, ಇಡೀ ಲೋಡು ಮನೆಗೆ ವಾಪಸ್. ಟೈಪ್ ಮಾಡುವಾಗ ಒಂದೇ ಒಂದು ಚಿಹ್ನೆ ಹೆಚ್ಚು ಬಿದ್ದರೆ ಸಾಕು. ದಶಾಂಶ ಬಂದರೆ ಇನ್ನೂ ಕಷ್ಟ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಅಂತ ಬರುತ್ತದೆ. ಅದು 0.3ಕ್ಕೆ ಸಮವೇ ಅಂತ ಇಫ್‌ನಲ್ಲಿ ಕೇಳಿದರೆ ಅಲ್ಲ ಅನ್ನುತ್ತದೆ. ಅದಕ್ಕೇ ಅನುಭವ ಇದ್ದವರು 17.0 ಅನ್ನುವುದನ್ನು ಹತ್ತರಿಂದ ಗುಣಿಸಿ 170 ಅಂತ ಪೂರ್ಣ ಸಂಖ್ಯೆಯಾಗಿ ಇಟ್ಟುಕೊಂಡು ಲೆಕ್ಕ ಮಾಡುತ್ತಾರೆ.

ಷರತ್ತುಗಳ ಸಾಲು ಕೂಡ ಮುಖ್ಯ. ಬಿಸಿಎ ಓದುವ ಹುಡುಗರ ಪ್ರೋಗ್ರಾಂನಲ್ಲಿ ಇದು ತುಂಬಾ ಸಲ ಕಾಣುತ್ತದೆ. ಮೊದಲ ಸಾಲಿನಲ್ಲಿ '35 ಅಥವಾ ಜಾಸ್ತಿ ಇದ್ದರೆ ಪಾಸ್' ಅಂತ ಬರೆದು, ಆಮೇಲೆ 'ಎಲ್ಸ್ ಇಫ್ 60 ಅಥವಾ ಜಾಸ್ತಿ ಇದ್ದರೆ ಫಸ್ಟ್ ಕ್ಲಾಸ್' ಅಂತ ಹಾಕಿರುತ್ತಾರೆ. 85 ತೆಗೆದವಳಿಗೂ ಬರೀ 'ಪಾಸ್' ಬರುತ್ತದೆ. 85 ಕೂಡ 35ಕ್ಕಿಂತ ಜಾಸ್ತಿಯೇ. ಮೊದಲ ಷರತ್ತು ಹೊಂದಿತು ಅಂದರೆ ಕೆಳಗಿನದನ್ನು ಕಂಪ್ಯೂಟರ್ ಓದುವುದೇ ಇಲ್ಲ. ಯಾವ ಎರರ್ ಕೂಡ ತೋರಿಸುವುದಿಲ್ಲ, ಯಾಕೆಂದರೆ ಯಂತ್ರದ ಮಟ್ಟಿಗೆ ಅಲ್ಲಿ ತಪ್ಪೇನೂ ಆಗಿಲ್ಲ.

ಅಂಕಪಟ್ಟಿಯ ತಪ್ಪನ್ನು ಹೇಗೋ ಕಂಡುಹಿಡಿದು ತಿದ್ದಬಹುದು. ನನಗೆ ಇದಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಬಜಾರಿನಲ್ಲಿ ನೇತಾಡುವ 'ಕಂಪ್ಯೂಟರ್ ಜಾತಕ' ಅನ್ನುವ ಬೋರ್ಡು. ಕೈಯಲ್ಲಿ ಬರೆದ ಜಾತಕವನ್ನು ನಂಬದವರೂ ಇದನ್ನು ನಂಬುತ್ತಾರೆ. ಅದರ ಅರ್ಧ ಭಾಗ ನಿಜವಾದ ಗಣಿತ. ಹುಟ್ಟಿದ ಹೊತ್ತಿಗೆ ಮಂಗಳ ಗ್ರಹ ಆಕಾಶದಲ್ಲಿ ಎಲ್ಲಿತ್ತು ಅಂತ ಲೆಕ್ಕ ಹಾಕುವುದು ಖಗೋಳ ವಿಜ್ಞಾನ, ಅದನ್ನು ಕಂಪ್ಯೂಟರ್ ಚೆನ್ನಾಗಿಯೇ ಮಾಡುತ್ತದೆ. ಅದಾದ ಮೇಲೆ ಒಂದು ಇಫ್ ಬರುತ್ತದೆ: ಇಫ್ ಕುಜ (ಅಂದರೆ ಮಂಗಳ) ಲಗ್ನದಿಂದ (ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿಯಿಂದ) 2, 4, 7, 8 ಅಥವಾ 12ನೇ ಮನೆಯಲ್ಲಿ ಇದ್ದರೆ, 'ಕುಜ ದೋಷ ಇದೆ' ಅಂತ ಪ್ರಿಂಟ್ ಮಾಡು. ಭತ್ತದ 17ಕ್ಕೆ ಒಂದು ಕಾರಣ ಇದೆ. ಹಸಿ ಜಾಸ್ತಿ ಆದಷ್ಟೂ ಚೀಲದಲ್ಲಿ ಬೂಷ್ಟು ಹಿಡಿಯುವ ಸಂಭವ ಜಾಸ್ತಿ. ಈ ಮನೆಗಳ ಪಟ್ಟಿಗೆ ಅಂಥ ಯಾವ ಪರೀಕ್ಷೆಯೂ ಇಲ್ಲ. ಆದರೆ ಪ್ರೊಸೆಸರ್ ಒಳಗೆ ಎರಡೂ ಒಂದೇ. ಕಳೆ, ಫ್ಲ್ಯಾಗ್ ನೋಡು, ಜಿಗಿ.

ಆ ಪಟ್ಟಿಯೂ ಎಲ್ಲರದ್ದು ಒಂದೇ ಅಲ್ಲ. ಕೆಲವು ಜ್ಯೋತಿಷಿಗಳು 1ನೇ ಮನೆಯನ್ನೂ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಕುಜ ಲಗ್ನದಲ್ಲೇ ಇರುವ ಒಬ್ಬ ಹುಡುಗಿಯ ಜಾತಕ ತಗೊಳ್ಳಿ. ಪಟ್ಟಿಯಲ್ಲಿ 1 ಇಲ್ಲದ ಪ್ರೋಗ್ರಾಂ 'ದೋಷ ಇಲ್ಲ' ಅಂತ ಪ್ರಿಂಟ್ ಕೊಡುತ್ತದೆ. 1 ಇರುವ ಪ್ರೋಗ್ರಾಂ 'ದೋಷ ಇದೆ' ಅನ್ನುತ್ತದೆ. ಹುಟ್ಟಿದ ಊರು ಅದೇ, ಹೊತ್ತು ಅದೇ, ಮಂಗಳ ಗ್ರಹವೂ ಇದ್ದಲ್ಲೇ ಇದೆ. ಯಾರೋ ಒಬ್ಬರು ಕೀಬೋರ್ಡ್ ಮುಂದೆ ಕೂತು ಒಂದು ಅಂಕಿ ಸೇರಿಸಿದರು, ಇನ್ನೊಬ್ಬರು ಬಿಟ್ಟರು. ಗಂಡಿನ ಕಡೆಯವರು ಅಂಥ ಪ್ರಿಂಟ್ ಹಿಡಿದುಕೊಂಡು ಬಂದರೆ, ಅದನ್ನು ಕೊಟ್ಟ ಅಂಗಡಿಗೆ ಹೋಗಿ ಇಫ್‌ನಲ್ಲಿ ಯಾವ ಯಾವ ಮನೆ ಹಾಕಿದ್ದೀರಿ ಅಂತ ಕೇಳಿ. ಅಂಗಡಿಯವರಿಗೇ ಗೊತ್ತಿಲ್ಲದೆ ಇರಬಹುದು. ಅವರು ಸಾಫ್ಟ್‌ವೇರ್ ಕೊಂಡು ತಂದವರು, ಬರೆದವರಲ್ಲ.