ಪದ ಪರಿಚಯ: ವಿಮರ್ಶೆ (ವಿಡಿಯೊ ಗೇಮ್ ಆಡುವವರಿಗಾಗಿ)

ಕಳೆದ ವಾರ ಒಂದು ಮೊಬೈಲ್ ಗೇಮ್‌ನ ಪ್ರಚಾರಚಿತ್ರದ ಕೆಳಗೆ ಈ ಸಾಲು ಕಂಡೆ: ‘ಇದು ನಮ್ಮ ಕನ್ನಡದ ಹುಡುಗರು ಮಾಡಿದ ಗೇಮ್. ದಯವಿಟ್ಟು ಯಾರೂ ವಿಮರ್ಶೆ ಮಾಡಬೇಡಿ, ಪ್ರೋತ್ಸಾಹಿಸಿ.’ ಅದೇ ಸಂಜೆ ಇನ್ನೊಂದು ಕಡೆ ‘ಗೇಮ್ ವಿಮರ್ಶೆ’ ಎಂಬ ತಲೆಬರಹದಡಿ ಇದ್ದದ್ದು ಇಷ್ಟೇ: ‘ಗ್ರಾಫಿಕ್ಸ್ ಸೂಪರ್, ಕಥೆ ಪರವಾಗಿಲ್ಲ, ಹತ್ತಕ್ಕೆ ಒಂಬತ್ತು.’ ಒಬ್ಬರಿಗೆ ವಿಮರ್ಶೆ ಎಂದರೆ ಬೈಗುಳ, ಇನ್ನೊಬ್ಬರಿಗೆ ಅಂಕಪಟ್ಟಿ. ಇವರ ಜೊತೆಗೆ ‘ವಿಮರ್ಷೆ’ ಎಂದು ಬರೆಯುವವರೂ ಇದ್ದಾರೆ. ಈ ಕಾಗುಣಿತದ ತಪ್ಪನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಪದದ ಅರ್ಥವೆಲ್ಲ ಅಡಗಿರುವುದು ಆ ಒಂದು ಅಕ್ಷರದಲ್ಲಿ.

ಸಂಸ್ಕೃತದಲ್ಲಿ ಕಿವಿಗೆ ಹೆಚ್ಚುಕಡಿಮೆ ಒಂದೇ ಎನಿಸುವ ಎರಡು ಧಾತುಗಳಿವೆ. ‘ಮೃಷ್’ ಎಂದರೆ ಸಹಿಸು, ಕ್ಷಮಿಸು. ‘ಅಮರ್ಷ’ ಬಂದದ್ದು ಅದರಿಂದ. ಸಹಿಸಲಾರದ ಸಿಟ್ಟು ಎಂದು ಅದರ ಅರ್ಥ. ಇನ್ನೊಂದು ಧಾತು ‘ಮೃಶ್’. ಮುಟ್ಟು, ಸವರು, ಕೈಯಾಡಿಸು ಎಂದು ಅದರ ಅರ್ಥ. ಅದಕ್ಕೆ ‘ವಿ’ ಸೇರಿದರೆ ವಿಮರ್ಶ, ‘ಪರಾ’ ಸೇರಿದರೆ ಪರಾಮರ್ಶ. ಮೊದಲು ಕೈಯಿಂದ ಮುಟ್ಟುವುದಾಗಿದ್ದದ್ದು ಆಮೇಲೆ ಮನಸ್ಸಿನಿಂದ ಮುಟ್ಟಿ ತಿರುವಿ ನೋಡುವುದಾಯಿತು. ‘ಶ’ ಬರೆದರೆ ಕೈ ಇರುವ ಮನೆಗೆ ಹೋಗುತ್ತೀರಿ, ‘ಷ’ ಬರೆದರೆ ಸಿಟ್ಟು ಇರುವ ಮನೆಗೆ. ‘ಯಾರೂ ವಿಮರ್ಶೆ ಮಾಡಬೇಡಿ’ ಎಂದು ಬೇಡಿಕೊಂಡವರು ಕಾಗುಣಿತ ಸರಿಯಾಗಿ ಬರೆದೂ ಎರಡನೆಯ ಮನೆಯ ಬಾಗಿಲನ್ನೇ ತಟ್ಟಿದ್ದಾರೆ.

‘ಟೀಕೆ’ಗೂ ಇದೇ ಗತಿಯಾಗಿದೆ. ಟೀಕೆ ಎಂದರೆ ಮೂಲದಲ್ಲಿ ವ್ಯಾಖ್ಯಾನ. ಮಧ್ವಾಚಾರ್ಯರ ಗ್ರಂಥಗಳಿಗೆ ವ್ಯಾಖ್ಯಾನ ಬರೆದ ಜಯತೀರ್ಥರನ್ನು ಇಂದಿಗೂ ಟೀಕಾಚಾರ್ಯರೆಂದು ಗೌರವದಿಂದ ಕರೆಯುತ್ತಾರೆ. ಆ ಪದವನ್ನು ಬೈಗುಳಕ್ಕೆ ಬಿಟ್ಟುಕೊಟ್ಟಾಗಿದೆ. ವಿಮರ್ಶೆಯನ್ನೂ ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ಕೈಯ ಮಾತು ಎಂದೆನಲ್ಲ, ನಮ್ಮ ಚಿಕ್ಕಮಗಳೂರಿನ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಣದಲ್ಲಿ ಚೆರ್ರಿ ಕಾಫಿ ಒಣಗಿದೆಯೇ ಎಂದು ತಿಳಿಯಲು ಯಾರೂ ದೂರ ನಿಂತು ಬಣ್ಣ ನೋಡಿ ತೀರ್ಮಾನಿಸುವುದಿಲ್ಲ. ಬಗ್ಗಿ ಒಂದು ಹಿಡಿ ಎತ್ತಿಕೊಂಡು ಮುಷ್ಟಿ ಕಟ್ಟಿ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ. ಇಲ್ಲದಿದ್ದರೆ ಇನ್ನೂ ಬಿಸಿಲು ಬೇಕು. ಅಳತೆಯ ಡಬ್ಬ, ತೂಕ ಎಲ್ಲ ಆಮೇಲೆ. ಕನ್ನಡ ಭಾಷೆಯೇ ಹೀಗೆ ಯೋಚಿಸುತ್ತದೆ: ಮುಟ್ಟಿ ನೋಡು, ತಟ್ಟಿ ನೋಡು, ತಿಂದು ನೋಡು, ಆಡಿ ನೋಡು. ಮೊದಲು ಕೆಲಸ, ಅದರ ಬೆನ್ನಿಗೆ ನೋಟ.

ಆದ್ದರಿಂದಲೇ ವಿಡಿಯೊ ಗೇಮ್‌ಗೆ ಈ ಪದ ಇಷ್ಟು ಚೆನ್ನಾಗಿ ಒಪ್ಪುತ್ತದೆ. ಸಿನಿಮಾವನ್ನು ಕಣ್ಣು ಕಿವಿಗಳಿಂದ ತಿಳಿಯುತ್ತೇವೆ. ಗೇಮ್ ತಿಳಿಯುವುದು ಬೆರಳಿನಿಂದ. ‘ಗ್ರಾಫಿಕ್ಸ್ ಸೂಪರ್’ ಎಂದು ನಿಲ್ಲಿಸುವವರು ಆಡಿದವರಲ್ಲ, ನೋಡಿದವರು. ಕಾಶ್ಮೀರದ ಶೈವ ದಾರ್ಶನಿಕರು ಚೈತನ್ಯವನ್ನು ಪ್ರಕಾಶ (ತೋರುವ ಬೆಳಕು) ಮತ್ತು ವಿಮರ್ಶ (ತೋರುತ್ತಿದ್ದೇನೆ ಎಂಬ ಅರಿವು) ಎಂಬ ಎರಡು ಮಾತುಗಳಲ್ಲಿ ವಿವರಿಸಿದರು. ಬರೀ ಪ್ರಕಾಶವಿದ್ದು ವಿಮರ್ಶ ಇರದಿದ್ದರೆ ಅದು ಸ್ಫಟಿಕದಂತೆ ಜಡ ಎಂದರು: ಎದುರಿನ ವಸ್ತುವಿನ ಬಣ್ಣವನ್ನೆಲ್ಲ ತನ್ನಲ್ಲಿ ತೋರುತ್ತದೆ, ಆದರೆ ತೋರುತ್ತಿದ್ದೇನೆ ಎಂಬ ಅರಿವು ಅದಕ್ಕಿಲ್ಲ. ಕಥೆಯ ಸಾರಾಂಶ, ಚಿತ್ರಗಳ ವರ್ಣನೆ, ಹಂತಗಳ ಲೆಕ್ಕ ಇಷ್ಟೇ ಇರುವ ಬರಹ ಆ ಸ್ಫಟಿಕದ ಹಾಗೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಹಂತ. ಪರದೆಯ ಎಡಗಡೆ ನಿಂತಿದ್ದೀರಿ, ಬಲಗಡೆ ಖಾಲಿ ಜಾಗ. ಯಾರೂ ಹೇಳದೆಯೇ ಬಲಕ್ಕೆ ಹೋಗುತ್ತೀರಿ. ಎದುರಿಗೆ ಕಂದು ಬಣ್ಣದ ಪುಟ್ಟ ಶತ್ರು ಬರುತ್ತದೆ. ತಾಗಿದರೆ ಸಾಯುತ್ತೀರಿ, ಆದರೆ ಆಟ ಆರಂಭವಾಗಿ ಕೆಲವೇ ಸೆಕೆಂಡು ಆಗಿರುವುದರಿಂದ ನಷ್ಟವೇನಿಲ್ಲ. ಎರಡನೆಯ ಸಲ ಹಾರುತ್ತೀರಿ. ಪ್ರಶ್ನೆಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿದರೆ ಬಲ ಕೊಡುವ ಅಣಬೆ ಹೊರಬಂದು ಬಲಕ್ಕೆ ಜಾರಿ, ಕೊಳವೆಗೆ ಬಡಿದು ನಿಮ್ಮ ಕಡೆಗೇ ತಿರುಗುತ್ತದೆ. ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಜಿಗಿತವೂ ಎತ್ತರವಾಗುತ್ತದೆ ಎಂಬುದನ್ನು ಅಷ್ಟರಲ್ಲಿ ಬೆರಳು ಕಲಿತಿರುತ್ತದೆ. ಒಂದು ಅಕ್ಷರದ ಸೂಚನೆಯೂ ಇಲ್ಲದ ಪಾಠ ಇದು. ಇದನ್ನು ಗಮನಿಸಿ ಬರೆದರೆ ವಿಮರ್ಶೆ. ‘ಕಂಟ್ರೋಲ್ಸ್ ಚೆನ್ನಾಗಿವೆ’ ಎಂದರೆ ಓದುವವರ ಕೈಗೆ ಏನೂ ಸಿಗುವುದಿಲ್ಲ.

2013ರ ‘ಪೇಪರ್ಸ್, ಪ್ಲೀಸ್’ ಇನ್ನೂ ಗಟ್ಟಿಯಾದ ಉದಾಹರಣೆ. ಅಲ್ಲಿ ನೀವು ಗಡಿಯ ತಪಾಸಣಾ ಅಧಿಕಾರಿ. ಮೇಜು ಕಿರಿದು, ಕಾಗದಗಳು ಒಂದರ ಮೇಲೊಂದು ಬೀಳುತ್ತವೆ, ಎಷ್ಟು ಜನರನ್ನು ಪರಿಶೀಲಿಸಿದಿರೋ ಅಷ್ಟು ಸಂಬಳ. ಮನೆಯಲ್ಲಿ ಅನ್ನಕ್ಕೂ ಚಳಿಗೆ ಶಾಖಕ್ಕೂ ಹಣ ಬೇಕು. ಎದುರಿಗಿರುವವರ ಕಷ್ಟ ಕೇಳಲು ನಿಂತರೆ ಹೊತ್ತು ಹೋಗುತ್ತದೆ. ಕೈ ಬೇಗ ಓಡಬೇಕಾದಾಗ ಕರುಣೆ ಹೇಗೆ ದುಬಾರಿಯಾಗುತ್ತದೆ ಎಂಬುದನ್ನು ಆ ಠಸ್ಸೆ ಒತ್ತುವ ಕೆಲಸವೇ ಹೇಳುತ್ತದೆ. ಕಥೆಯನ್ನು ಒಂದು ಪ್ಯಾರಾದಲ್ಲಿ, ‘ಗೇಮ್‌ಪ್ಲೇ’ಯನ್ನು ಇನ್ನೊಂದರಲ್ಲಿ ಬೇರೆಬೇರೆಯಾಗಿ ತೂಗುವವರಿಗೆ ಇದು ಕಾಣುವುದೇ ಇಲ್ಲ.

ಅಂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2010ರಲ್ಲಿ ಬಂದ ‘ಫಾಲ್‌ಔಟ್: ನ್ಯೂ ವೇಗಾಸ್’ ತಯಾರಕರಿಗೆ, ವಿಮರ್ಶಕರ ಅಂಕಗಳ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ನೂರಕ್ಕೆ 85 ಬಂದರೆ ಬೋನಸ್ ಎಂದು ಒಪ್ಪಂದವಿತ್ತು. ಬಂದದ್ದು 84. ಬೋನಸ್ ತಪ್ಪಿತು. ಆ ಒಂದು ಅಂಕ ಎಲ್ಲಿ ಕಳೆಯಿತು ಎಂದು ಯಾವ ಸರಾಸರಿಯೂ ಹೇಳಲಾರದು.

ಯಾವ ಯಂತ್ರದಲ್ಲಿ ಆಡಿದಿರಿ ಎಂಬುದನ್ನು ಬರೆಯದಿರುವುದೂ ಮೋಸವೇ. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಬಂದಾಗ ಮುಂಚಿತವಾಗಿ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ. ಹಳೆಯ ಪ್ಲೇಸ್ಟೇಷನ್‌ನಲ್ಲಿ ಕೊಂಡವರಿಗೆ ಆಟ ಮತ್ತೆ ಮತ್ತೆ ಮುಗ್ಗರಿಸಿತು. ಎರಡು ವಾರದೊಳಗೆ ಪ್ಲೇಸ್ಟೇಷನ್ ತಯಾರಿಸುವ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು.

ನನ್ನ ಸೋದರಳಿಯ ಎರಡನೇ ಪಿಯುಸಿ ಓದುತ್ತಿದ್ದಾನೆ. ಬಸ್ ಓಡಿಸುವ ಒಂದು ಮೊಬೈಲ್ ಗೇಮ್ ಬಗ್ಗೆ ಬರೆದು ತಂದು ತೋರಿಸಿದ. ಬಸ್ಸಿಗೆ ಕೆಎಸ್‌ಆರ್‌ಟಿಸಿಯ ಕೆಂಪು ಬಣ್ಣ, ರಸ್ತೆಗೆ ಘಾಟಿಯ ತಿರುವುಗಳು. ‘ರಿಯಲಿಸ್ಟಿಕ್ ಆಗಿದೆ’ ಎಂದು ಮೂರು ಸಲ ಬರೆದಿದ್ದ. ಚಾರ್ಮಾಡಿಯಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಇಳಿದಿದ್ದೀಯ ಎಂದು ಕೇಳಿದೆ. ಲೆಕ್ಕವಿಲ್ಲ ಎಂದ. ಹಾಗಾದರೆ ಆ ಬಸ್ಸು ತಿರುವು ತೆಗೆದುಕೊಳ್ಳುವುದಕ್ಕೂ ನಿನ್ನ ಫೋನಿನ ಬಸ್ಸು ತೆಗೆದುಕೊಳ್ಳುವುದಕ್ಕೂ ಏನು ವ್ಯತ್ಯಾಸ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆರಳನ್ನೇ ನೋಡಿಕೊಂಡ.

“ಮಾವ, ನಿಜವಾದ ಬಸ್ಸಿನಲ್ಲಿ ಡ್ರೈವರ್ ತಿರುವಿಗೆ ಮುಂಚೆಯೇ ಗೇರ್ ಇಳಿಸುತ್ತಾರೆ, ಆಗ ನಮ್ಮ ಮೈಯೆಲ್ಲ ಮುಂದಕ್ಕೆ ವಾಲುತ್ತದೆ. ಇದರಲ್ಲಿ ತಿರುವಿನ ನಡುವೆ ಬ್ರೇಕ್ ಒತ್ತಿದರೂ ಗಕ್ಕನೆ ನಿಲ್ಲುತ್ತದೆ. ಬಸ್ಸಿಗೆ ಭಾರವೇ ಇಲ್ಲ. ಅದಕ್ಕೇ ನನಗೆ ಪ್ರಪಾತದ ಭಯವೂ ಆಗಲಿಲ್ಲ.”

ಅದನ್ನೇ ಮೊದಲ ಸಾಲಾಗಿ ಬರೆ ಎಂದೆ.