ಆರರವರೆಗೆ ಏರಿ ಇಳಿಯುವ ಸಂಖ್ಯೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಭಾಗದಲ್ಲಿ 27994681ನ್ನು 441ರಿಂದ ಗುಣಿಸುವ ಲೆಕ್ಕವೊಂದಿದೆ. ಉತ್ತರ 12345654321. ಒಂದರಿಂದ ಹೊರಟು ಆರರವರೆಗೆ ಏರಿ, ಬಂದ ದಾರಿಯಲ್ಲೇ ಮರಳಿ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಆಚಾರ್ಯರು ಸಂಸ್ಕೃತ ಪದ್ಯದಲ್ಲಿ ಅದರ ಏರಿಳಿತದಿಂದಲೇ ಗುರುತಿಸುತ್ತಾರೆ. ಇಂಥ ಬೇರೆ ಕೆಲವು ಗುಣಲಬ್ಧಗಳು ಅವರಿಗೆ ಕೊರಳಿನ ಹಾರದಂತೆ ಕಂಡಿವೆ.

ಬಾಯಲ್ಲಿ ಹೇಳಿದರೆ ಈ ಅಂದ ಕಿವಿಗೆ ಬೀಳುವುದಿಲ್ಲ. ‘ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು’ ಎಂಬುದರಲ್ಲಿ ಹಾರ ಎಲ್ಲಿದೆ? ನಮ್ಮ ರೂಢಿಯಂತೆ 12,34,56,54,321 ಎಂದು ಅಲ್ಪವಿರಾಮ ಹಾಕಿದರೂ ಅದು ತುಂಡಾಗುತ್ತದೆ. ಸ್ಥಾನಬೆಲೆಯ ಕ್ರಮದಲ್ಲಿ ಅಂಕಿಗಳನ್ನು ಸಾಲಾಗಿ ಇಟ್ಟಾಗ ಮಾತ್ರ ಕಾಣುವ ಸೊಗಸು ಇದು. ಏಕದಿಂದ (ಬಿಡಿ ಸ್ಥಾನ) ಮಹಾಕ್ಷೋಭದವರೆಗೆ (ಒಂದರ ಮುಂದೆ 23 ಸೊನ್ನೆ) 24 ಸ್ಥಾನಗಳನ್ನು ಹೆಸರಿಸಿದ ಗ್ರಂಥದಲ್ಲಿ ಅದು ಸಿಗುವುದು ಸಹಜವೇ.

ಈ ಸಂಖ್ಯೆ 111111ರ ವರ್ಗ. 111111ನ್ನು ಅದರಿಂದಲೇ ಕಾಗದದ ಮೇಲೆ ಗುಣಿಸಿದರೆ ಆರು ಸಾಲುಗಳಲ್ಲೂ ಬರುವುದು 111111 ಮಾತ್ರ, ಆದರೆ ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಕೂಡುವಾಗ ಬಲತುದಿಯ ಕಂಬದಲ್ಲಿ ಒಂದೇ 1, ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಆಮೇಲೆ ಇಳಿಕೆ. ಯಾವ ಮೊತ್ತವೂ ಒಂಬತ್ತನ್ನು ಮೀರದ್ದರಿಂದ ದಶಕ ಒಯ್ಯುವ ಪ್ರಮೇಯವೇ ಬರುವುದಿಲ್ಲ. ಒಂಬತ್ತು ಒಂದುಗಳ ವರ್ಗವಾದ 12345678987654321ರವರೆಗೂ ಕತೆ ಹೀಗೇ. ಹತ್ತು ಒಂದುಗಳಾದಾಗ ನಡುವಿನ ಕಂಬದಲ್ಲಿ 10 ಬಂದು, ಸಾಲು ಕೆಟ್ಟು, 1234567900987654321 ಆಗುತ್ತದೆ.

ಹಾಗಿದ್ದರೆ ಆಚಾರ್ಯರು ಆರಕ್ಕೇ ನಿಂತದ್ದೇಕೆ? ನನ್ನ ಊಹೆ ಇಷ್ಟು: 11111 ಎಂದರೆ 41×271, 1111111 ಎಂದರೆ 239×4649, ಎರಡೂ ಎರಡೆರಡೇ ಅವಿಭಾಜ್ಯಗಳಾಗಿ ಒಡೆಯುತ್ತವೆ, ಅವೂ ಅಷ್ಟೇನೂ ಚಿಕ್ಕವಲ್ಲ. 111111 ಹಾಗಲ್ಲ. ಅದು 111×1001, ಮೊದಲನೆಯದರಲ್ಲಿ 3 ಮತ್ತು 37, ಎರಡನೆಯದರಲ್ಲಿ 7, 11, 13 ಇವೆ. ಆದ್ದರಿಂದ ಅದರ ವರ್ಗಕ್ಕೆ 243 ಭಾಜಕಗಳಿದ್ದು, ಲೆಕ್ಕ ಕಟ್ಟುವವನಿಗೆ ಆಯ್ಕೆ ಧಾರಾಳ. 3 ಮತ್ತು 7ರ ವರ್ಗಗಳ ಗುಣಲಬ್ಧ 441 ಆದರೆ, ಉಳಿದ ಮೂರರ ಗುಣಲಬ್ಧವಾದ 5291ರ ವರ್ಗವೇ 27994681. ಉತ್ತರವನ್ನು ಮೊದಲೇ ಗೊತ್ತುಮಾಡಿಕೊಂಡು ಲೆಕ್ಕವನ್ನು ಹಿಂದಿನಿಂದ ಕಟ್ಟದೆ ಇಂಥ ಜೋಡಿ ಕೈಗೆ ಸಿಗುವುದು ಕಷ್ಟ. ಕಲಿಯುವವನಿಗೂ ಇದರಿಂದ ಅನುಕೂಲವೇ: ಎಲ್ಲಾದರೂ ತಪ್ಪಿದರೆ ಹಾರದ ಮಣಿಯೊಂದು ಜಾಗ ತಪ್ಪಿ, ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಈ ಗ್ರಂಥವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದನು, 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಅಚ್ಚು ಮಾಡಿಸಿದರು. 12345679ನ್ನು 9ರಿಂದ ಗುಣಿಸಿ 111111111 ಪಡೆಯುವ ಲೆಕ್ಕವೂ ಇದರಲ್ಲೇ ಇದೆ. ಅಲ್ಲಿ 8 ಕಾಣೆಯಾದದ್ದು ಅಚ್ಚಿನ ದೋಷವಲ್ಲ. ಒಂಬತ್ತು ಒಂದುಗಳನ್ನು 9ರಿಂದ ಭಾಗಿಸುತ್ತ ಹೋದರೆ ಶೇಷ ಪ್ರತಿ ಹೆಜ್ಜೆಗೂ ಒಂದೊಂದೇ ಬೆಳೆಯುತ್ತದೆ. 8 ಉಳಿದಾಗ ಮುಂದಿನ 1 ಇಳಿದು 81 ಆಗಿ, ಶೇಷವಿಲ್ಲದೆ ನೇರವಾಗಿ 9 ಸಲ ಹೋಗುತ್ತದೆ.