ತುಂಬಲಿ ಎಂದು ಕಾದರೆ ಹಾಲು ಹೆಚ್ಚುವುದಿಲ್ಲ

ಹೆರಿಗೆಯಾಗಿ ಮೂರು ದಿನ ಕಳೆಯುವುದರೊಳಗೆ ಕಾಸರಗೋಡಿನ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ "ಇವಳಿಗೆ ಹಾಲು ಸಾಲದು" ಎಂದು ತೀರ್ಮಾನವಾಗಿಬಿಡುತ್ತದೆ. ಮಗು ಅಳುತ್ತಿದೆ ಎಂಬುದೊಂದೇ ಅದಕ್ಕೆ ಆಧಾರ. ಬೆನ್ನಿಗೇ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಾರೆ, ಮಗುವಿಗೆ ಜೇನು ನೆಕ್ಕಿಸುತ್ತಾರೆ, ಬಾಣಂತಿಗೆ ಮೆಂತೆ ಗಂಜಿ ಕಾಯಿಸುತ್ತಾರೆ, ಸಂಜೆಯ ಹೊತ್ತಿಗೆ ಪೇಟೆಯಿಂದ ಹಾಲುಪುಡಿಯ ಡಬ್ಬಿ ಬರುತ್ತದೆ. ದೃಷ್ಟಿ ತಾಗಿ ಹಾಲು ಬತ್ತುವುದಿಲ್ಲ. ಆದರೆ ಅಗತ್ಯವಿಲ್ಲದೆ ಬಂದ ಆ ಡಬ್ಬಿಯಿಂದ ಬತ್ತಬಹುದು. ಅದು ಹೇಗೆಂದು ಪ್ರತಿ ಬಾಣಂತಿಗೂ, ಅವಳ ಅಮ್ಮನಿಗೂ ಅತ್ತೆಗೂ ಗೊತ್ತಿರಬೇಕು.

ಬಸುರಿನ ನಡುವಿನ ತಿಂಗಳುಗಳಲ್ಲೇ ಎದೆ ಹಾಲು ಮಾಡಲು ಸಿದ್ಧವಾಗಿರುತ್ತದೆ. ಮಾಸು ಸ್ರವಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅದನ್ನು ತಡೆದಿರುತ್ತದೆ. ಮಾಸು ಹೊರಬಿದ್ದ ಮೇಲೆ ಆ ಹಾರ್ಮೋನು ಇಳಿದು, ಎರಡರಿಂದ ನಾಲ್ಕು ದಿನಗಳಲ್ಲಿ ಹಾಲು ತುಂಬಿ ಬರುತ್ತದೆ. ಚೊಚ್ಚಲ ಹೆರಿಗೆಯಾಗಿದ್ದರೆ, ಸಿಸೇರಿಯನ್ ಆಗಿದ್ದರೆ ಅಥವಾ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಸ್ವಲ್ಪ ತಡ. ಅಲ್ಲಿಯವರೆಗೆ ಸಿಗುವುದು ಹಳದಿ ಬಣ್ಣದ ದಪ್ಪ ಹಾಲು, ಅದೂ ಚಮಚದ ಲೆಕ್ಕದಲ್ಲಿ. ಹಸುಗೂಸಿನ ಪುಟ್ಟ ಹೊಟ್ಟೆಗೆ ಅದೇ ಸಾಕು, ರೋಗದ ವಿರುದ್ಧ ಕಾವಲೂ ಅದರಲ್ಲೇ ಇದೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವವರು ಇಂದಿಗೂ ಇದ್ದಾರೆ ಎಂಬುದು ಸಂಕಟದ ಸಂಗತಿ. ಜೇನಂತೂ ಒಂದು ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ. ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಅದರಲ್ಲಿರಬಹುದು.

ಇನ್ನು ನನಗೆ ಅತ್ಯಂತ ಪ್ರಿಯವಾದ ಪ್ರಯೋಗಕ್ಕೆ ಬರುತ್ತೇನೆ. 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಹ್ಯಾನಾ ಸಂಶೋಧನಾ ಸಂಸ್ಥೆಯಲ್ಲಿ ಮಾಲ್ಕಂ ಪೀಕರ್ ಮತ್ತು ಸಂಗಡಿಗರು ಆಡುಗಳ ಕೆಚ್ಚಲಿನ ಒಂದು ಬದಿಯನ್ನು ದಿನಕ್ಕೆ ಎರಡು ಸಲ, ಇನ್ನೊಂದು ಬದಿಯನ್ನು ಮೂರು ಸಲ ಕರೆದರು. ಮೂರು ಸಲ ಕರೆದ ಬದಿಯಲ್ಲಿ ಮಾತ್ರ ಹಾಲು ಹೆಚ್ಚಿತು. ಆಡು ಒಂದೇ, ತಿಂದ ಸೊಪ್ಪು ಒಂದೇ, ಎರಡೂ ಬದಿಗೆ ಹರಿಯುವ ರಕ್ತವೂ ಅದರೊಳಗಿನ ಹಾರ್ಮೋನೂ ಒಂದೇ. ಹಾಗಾದರೆ ಹಾಲಿನ ಪ್ರಮಾಣವನ್ನು ನಿರ್ಧರಿಸುವ ಏನೋ ಒಂದು ಆಯಾ ಬದಿಯ ಕೆಚ್ಚಲಿನೊಳಗೇ ಇರಬೇಕು. ತುಂಬಿದ ಕೆಚ್ಚಲಿನ ಒತ್ತಡವೇ ಕಾರಣವೆನ್ನೋಣವೇ? ಅದನ್ನೂ ಪರೀಕ್ಷಿಸಿದರು. ಕರೆದ ಹಾಲಿನ ಜಾಗಕ್ಕೆ ಅಷ್ಟೇ ಪ್ರಮಾಣದ ಸಕ್ಕರೆ ದ್ರಾವಣ ತುಂಬಿದರು. ಕೆಚ್ಚಲು ಬಿಗಿಯಾಗಿಯೇ ಇತ್ತು, ಆದರೂ ಹಾಲಿನ ಉತ್ಪತ್ತಿ ಹೆಚ್ಚಿತು. ಅಂದರೆ ಉಳಿದ ಹಾಲಿನಲ್ಲೇ 'ಇನ್ನು ಸಾಕು' ಎಂದು ಜೀವಕೋಶಗಳಿಗೆ ತಿಳಿಸುವ ರಾಸಾಯನಿಕವಿದೆ. ಅದು ಯಾವುದೆಂಬ ಚರ್ಚೆ ಮುಂದುವರಿದಿದೆ. ನಂತರದ ಸಂಶೋಧನೆಗಳು ಸೆರೊಟೋನಿನ್ ಎಂಬ ರಾಸಾಯನಿಕದ ಕಡೆಗೆ ಬೊಟ್ಟು ಮಾಡಿವೆ.

ಇದು ನಮ್ಮವರ ತಲೆಯೊಳಗಿರುವ ಚಿತ್ರಕ್ಕೆ ಪೂರ್ತಿ ವಿರುದ್ಧ. ಬಾಯಾರು, ಶೇಣಿ ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗಗಳನ್ನು ನೆನಪಿಸಿಕೊಳ್ಳಿ. ನೀವು ಬಳಸಿದರೂ ಬಿಟ್ಟರೂ ನೀರು ಒಂದೇ ಸಮನೆ ಜಿನುಗುತ್ತದೆ. ರಾತ್ರಿಯಿಡೀ ಕೆರೆ ತುಂಬಲು ಬಿಟ್ಟು ಬೆಳಿಗ್ಗೆ ತೋಟಕ್ಕೆ ಹಾಯಿಸಿದರಾಯಿತು. "ಈಗ ಹಾಲಿಲ್ಲ, ಮೂರು ಗಂಟೆ ಬಿಟ್ಟು ಕುಡಿಸು, ತುಂಬಲಿ" ಎನ್ನುವ ಅಜ್ಜಿಯ ಮನಸ್ಸಿನಲ್ಲಿರುವುದು ಈ ಕೆರೆ. ಎದೆ ಮಾತ್ರ ಹಾಗೆ ನಡೆಯುವುದಿಲ್ಲ. ತುಂಬಿ ನಿಂತಷ್ಟು ಹೊತ್ತು ಉತ್ಪತ್ತಿ ನಿಧಾನವಾಗುತ್ತದೆ, ಬರಿದಾದಂತೆ ಚುರುಕಾಗುತ್ತದೆ. ಡಬ್ಬಿಯ ಹಾಲು ಕುಡಿದ ಮಗು ಮೂರು ನಾಲ್ಕು ಗಂಟೆ ಮಲಗಿಬಿಟ್ಟರೆ ಎದೆಯಲ್ಲಿ ಹಾಲು ಹಾಗೇ ಉಳಿಯುತ್ತದೆ, ಉತ್ಪತ್ತಿ ಇಳಿಯುತ್ತದೆ. ಮರುದಿನ ಹಾಲು ನಿಜವಾಗಿಯೂ ಕಡಿಮೆ. "ನಾನು ಆಗಲೇ ಹೇಳಲಿಲ್ಲವೇ ಮಗಳೇ" ಎಂಬ ಮಾತಿಗೆ ಆಗ ಯಾರ ಬಳಿಯೂ ಉತ್ತರವಿರುವುದಿಲ್ಲ.

ಆದ್ದರಿಂದ ಮೊದಲ ಮದ್ದು, ದಿನದ 24 ಗಂಟೆಗಳಲ್ಲಿ 8ರಿಂದ 12 ಸಲ ಹಾಲೂಡಿಸುವುದು. ರಾತ್ರಿಯನ್ನು ಬಿಡಬಾರದು. ಹಾಲು ಉತ್ಪತ್ತಿಗೆ ಪ್ರಚೋದನೆ ಕೊಡುವ ಪ್ರೊಲ್ಯಾಕ್ಟಿನ್ ರಾತ್ರಿಯ ಹೊತ್ತಿನಲ್ಲೇ ಹೆಚ್ಚಿರುತ್ತದೆ. ಮಗುವಿನ ಬಾಯಿಗೆ ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಸಾಕಷ್ಟು ಸೇರಬೇಕು. ಬಾಯಿ ಅಗಲವಾಗಿ ತೆರೆದು, ಕೆಳತುಟಿ ಹೊರಮಡಚಿ, ಗಲ್ಲ ಎದೆಗೆ ಒತ್ತಿರಬೇಕು. ನುಂಗುವ ಸದ್ದು ಕಿವಿಗೆ ಬೀಳಬೇಕು. ತಾಯಿಗೆ ನೋವಾಗುತ್ತಿದ್ದರೆ ಹಿಡಿತ ತಪ್ಪಿದೆ ಎಂದೇ ತಿಳಿಯಿರಿ. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಮೆಲ್ಲನೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಬೇಕು. ಕುಡಿಸಿದ ನಂತರ ಕೈಯಿಂದ ಇನ್ನಷ್ಟು ಹಿಂಡಿ ತೆಗೆದರೆ ಉತ್ಪತ್ತಿ ಇನ್ನೂ ಚುರುಕಾಗುತ್ತದೆ.

ಹಾಲು ಉತ್ಪತ್ತಿಯಾಗುವುದು ಬೇರೆ, ಇಳಿಯುವುದು ಬೇರೆ. ಇಳಿಸುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು. ಅಪರಿಚಿತರು ಕೈ ಹಾಕಿದರೆ ದನ ಹಾಲು ಇಳಿಸುವುದಿಲ್ಲವೆಂದು ಹಟ್ಟಿಯ ಕೆಲಸ ಬಲ್ಲವರಿಗೆ ಗೊತ್ತು. ಮನುಷ್ಯರಲ್ಲಿ ಇದನ್ನು ತೂಗಿ ತೋರಿಸಿದವರು ಅಮೆರಿಕದ ಮೈಕಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ದಂಪತಿ. 1948ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಹಾಲೂಡಿಸುತ್ತಿದ್ದ ತಾಯಿಯ ಪಾದಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಿಸುವುದು, ಒಂದರ ಮೇಲೊಂದು ಲೆಕ್ಕ ಕೇಳುವುದು ಮುಂತಾದ ಕಿರಿಕಿರಿ ಕೊಟ್ಟರು. ನೆಮ್ಮದಿಯ ದಿನಗಳಲ್ಲಿ ಮಗುವಿಗೆ ಸರಾಸರಿ 168 ಗ್ರಾಂ ಹಾಲು ಸಿಕ್ಕಿತ್ತು, ಕಿರಿಕಿರಿಯ ದಿನಗಳಲ್ಲಿ 99 ಗ್ರಾಂ. ಕಿರಿಕಿರಿಯ ನಡುವೆಯೂ ಆಕ್ಸಿಟೋಸಿನ್ ಚುಚ್ಚಿದಾಗ ಅದು 153 ಗ್ರಾಮಿಗೆ ಏರಿತು. ಎದೆಯಲ್ಲಿ ಹಾಲು ಇದ್ದೇ ಇತ್ತು, ಇಳಿಯುತ್ತಿರಲಿಲ್ಲ. ಬಾಣಂತಿಯ ಮಂಚದ ಸುತ್ತ ನಾಲ್ಕು ಜನ ನಿಂತು "ಪಾಪ, ಮಗು ಎಷ್ಟು ಸಣಕಲು" ಎನ್ನುವಾಗಲೂ ಅವಳ ಮೈಯೊಳಗೆ ಇದೇ ನಡೆಯಬಹುದು. ಕೋಣೆಯ ಬಾಗಿಲು ಹಾಕಿ, ಮಗುವನ್ನು ತಾಯಿಯ ಬರಿಮೈಗೆ ಒತ್ತಿ ಮಲಗಿಸಿ ಅವರಿಬ್ಬರನ್ನೇ ಬಿಡುವುದು ಮನೆಯವರು ಮಾಡಬಹುದಾದ ದೊಡ್ಡ ಉಪಕಾರ.

ಅಳುವನ್ನೇ ಹಸಿವೆಂದು ಓದುವ ಅಭ್ಯಾಸದಿಂದ ಲಾಭ ಮಾಡಿಕೊಂಡವರ ಚರಿತ್ರೆಯೂ ದೊಡ್ಡದು. ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಶಿಶು ಆಹಾರದ ಪುಡಿ ತಂದದ್ದು 1867ರಲ್ಲಿ. 1939ರಲ್ಲಿ ಸಿಂಗಾಪುರದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ಮಕ್ಕಳ ವೈದ್ಯೆ, ಡಬ್ಬಿ ಹಾಲಿನ ದಾರಿತಪ್ಪಿಸುವ ಪ್ರಚಾರದಿಂದ ಶಿಶುಗಳು ಸಾಯುತ್ತಿವೆ, ಇದು ಕೊಲೆಯೇ ಎಂದು ಬಹಿರಂಗವಾಗಿ ಹೇಳಿದರು. ಇಂಥ ಪ್ರಚಾರಕ್ಕೆ ಕಡಿವಾಣ ಹಾಕುವ ವಿಶ್ವ ಆರೋಗ್ಯ ಸಂಸ್ಥೆಯ ನಿಯಮಾವಳಿ ಬರಲು 1981 ಆಗಬೇಕಾಯಿತು. ಭಾರತದ ಕಾನೂನು 1992ರದ್ದು. 2003ರ ತಿದ್ದುಪಡಿಯ ನಂತರ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತಿಗೇ ಇಲ್ಲಿ ಅವಕಾಶವಿಲ್ಲ.

ಹಾಲು ಸಾಕೋ ಸಾಲದೋ ಎಂದು ತಿಳಿಯಲು ಬಟ್ಟೆಯನ್ನೂ ತಕ್ಕಡಿಯನ್ನೂ ನೋಡಿ. ಐದನೆಯ ದಿನದಿಂದ ಮಗು ದಿನಕ್ಕೆ ಕನಿಷ್ಠ ಆರು ಸಲ ಮೂತ್ರ ಮಾಡಬೇಕು, ಮಲ ಹಳದಿಗೆ ತಿರುಗಿರಬೇಕು. ಹುಟ್ಟಿದ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು ಎರಡು ವಾರದೊಳಗೆ ಮರಳಬೇಕು, ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಕುಟುಂಬ ಆರೋಗ್ಯ ಕೇಂದ್ರದಲ್ಲಿ ತೂಕ ನೋಡಿಸಬಹುದು. ಕೊಟ್ಟ ಕರಪತ್ರ ಮಲಯಾಳದಲ್ಲಿದೆ, ಓದಲು ಬಾರದು ಎಂದು ಸುಮ್ಮನಾಗಬೇಡಿ. ಆಶಾ ಕಾರ್ಯಕರ್ತೆಯರನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ತಿಳಿದುಕೊಳ್ಳಿ. ಸಂಜೆ ಹೊತ್ತು ಮಗು ಗಂಟೆಗಟ್ಟಲೆ ಎದೆ ಬಿಡದಿರುವುದು, ಎದೆ ಮೆತ್ತಗಾಗುವುದು, ಹಿಂಡಿದಾಗ ಸ್ವಲ್ಪವೇ ಬರುವುದು, ಇವು ಹಾಲಿನ ಕೊರತೆಗೆ ಪುರಾವೆಯಾಗಲಾರವು.

ಮೆಂತೆ ಗಂಜಿ ಕುಡಿಯಲಿ, ಅದು ಊಟ. ಹಾಲು ಹೆಚ್ಚಿಸುತ್ತದೆ ಎಂಬುದಕ್ಕೆ ಇರುವ ಪುರಾವೆ ದುರ್ಬಲ. ಬಾಣಂತಿಗೆ ನೀರು ಕೊಡದೆ ಒಣಗಿಸುವ ಪದ್ಧತಿಯನ್ನು ಮಾತ್ರ ಇಂದೇ ನಿಲ್ಲಿಸಬೇಕು. ಬಾಯಾರಿದಷ್ಟೂ ಕುಡಿಯಲಿ.

ನಿಜವಾದ ಕೊರತೆಯೂ ಇದೆ, ಅದಕ್ಕೆ ತಾಯಿ ಹೊಣೆಯಲ್ಲ. ಥೈರಾಯ್ಡ್ ತೊಂದರೆ, ಗರ್ಭಕೋಶದಲ್ಲಿ ಉಳಿದ ಮಾಸಿನ ತುಣುಕು, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಎದೆಯ ಹಳೆಯ ಶಸ್ತ್ರಚಿಕಿತ್ಸೆ, ಹಾಲಿನ ಗ್ರಂಥಿಗಳು ಸಾಕಷ್ಟು ಬೆಳೆಯದಿರುವುದು, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ, ಮಗುವಿನ ನಾಲಿಗೆಯ ಕಟ್ಟು (ನಾಲಿಗೆಯಡಿಯ ಪೊರೆ ಬಿಗಿಯಾಗಿರುವುದು), ಇಂಥ ಕಾರಣಗಳನ್ನು ವೈದ್ಯರೇ ಹುಡುಕಬೇಕು. ಮಗು ಕುಡಿಯಲೂ ಏಳದಷ್ಟು ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಬಾಯಿ ಒಣಗಿದರೆ, ಕಾಮಾಲೆ ಹೆಚ್ಚಿದರೆ ಅಥವಾ ತೂಕ ನೂರಕ್ಕೆ ಹತ್ತರಷ್ಟು ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಗ ಹಾಲುಪುಡಿ ಕೊಡಿ ಎಂದು ವೈದ್ಯರು ಹೇಳಿದರೆ ಅಳುಕದೆ ಕೊಡಬೇಕು. ಡಬ್ಬಿಯ ಮೇಲಿನ ಅಳತೆಯಂತೆಯೇ ಕಲಸಬೇಕು. ಉಳಿತಾಯಕ್ಕೆಂದು ನೀರು ಹೆಚ್ಚಿಸಬಾರದು.

ಬಾಟಲಿಯ ಬದಲು ನಮ್ಮ ಹಳೆಯ ಒಳಲೆಯನ್ನೇ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲನ್ನೇ, ಕುದಿಸಿ ಬಳಸಿ. ನವಜಾತ ಶಿಶುಗಳ ಘಟಕಗಳಲ್ಲೂ ಇಂದು ಅದೇ ನಡೆಯುತ್ತಿದೆ. ಮಗುವನ್ನು ತಲೆ ಎತ್ತರವಾಗಿರುವಂತೆ ತೊಡೆಯ ಮೇಲೆ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಒಂದು ಗುಟುಕು ನುಂಗಿದ ಮೇಲೆಯೇ ಇನ್ನೊಂದನ್ನು ಬಿಡಬೇಕು. ಮೊದಲು ಎದೆ, ಆಮೇಲೆ ಒಳಲೆ, ಅದರ ನಂತರ ಕೈಯಿಂದ ಹಿಂಡುವುದು. ತೂಕ ಏರುತ್ತಿದ್ದಂತೆ ವೈದ್ಯರನ್ನು ಕೇಳಿ ಒಳಲೆಯ ಹಾಲನ್ನು ಹಂತ ಹಂತವಾಗಿ ಇಳಿಸಬಹುದು. ಕೆಲವರಿಗೆ ಪೂರ್ತಿ ಇಳಿಸಲು ಆಗುವುದಿಲ್ಲ. ಆದರೂ ಅವರು ಕುಡಿಸುವಷ್ಟು ಎದೆಹಾಲಿನಿಂದ ಮಗುವಿಗೆ ರೋಗನಿರೋಧಕ ಅಂಶಗಳು ಸಿಗುತ್ತಲೇ ಇರುತ್ತವೆ.